ಗರ್ಭಕ್ಕೆ ಕೇಳಿಸದ ಕೂಗು

ಸಂಡೂರು ಮೇಲ್ಪಟ್ಟಣ,
ಫೆಬ್ರವರಿ ೩೦, ೨೨೯೧

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರಿಗೆ ಪಂಪಕ್ಕನ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ತಿಳಿಯದು. ಆದರೂ ಬರೆಯದೆ ಇರಲಾರೆ.

ನಾನು ಇಲ್ಲಿನ ಹೆರಿಗೆಮನೆಯ ವೈದ್ಯೆ. ಬೆಟ್ಟದ ತೊಟ್ಟಿಯ ನೀರನ್ನು ಕುದಿಸಿ, ಸೋಸಿ ಕುಡಿಯುತ್ತೇವೆ. ಆದರೂ ಅದರಲ್ಲಿ ಮೂಕಂಟು ಉಳಿದಿರುತ್ತದೆ. ದವಸಕ್ಕೆ ಹುಳ ಹಿಡಿಯಬಾರದೆಂದು ಹಿಂದಿನವರು ಕಾಳಿನ ಮೇಲೆ ಬಳಿದ ಲೇಪಕ್ಕೆ ನಾವಿಟ್ಟ ಹೆಸರದು. ಮಣ್ಣಿಗಿಳಿಯಿತು, ನೀರಿಗಿಳಿಯಿತು, ನಮ್ಮ ಮೈಗೂ ಇಳಿಯಿತು.

ಜೀವಕೋಶಗಳು ಬಾಯಿಲ್ಲದೆ ಮಾತಾಡುತ್ತವೆಂಬುದು ನಿಮಗೆ ಗೊತ್ತು. ಹೆರಿಗೆಯ ಹೊತ್ತಿಗೆ ಮೆದುಳು ಆಕ್ಸಿಟೋಸಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಗರ್ಭಕೋಶದ ಸ್ನಾಯುವಿನ ಪ್ರತಿ ಕೋಶದ ಮೇಲೂ ಅದಕ್ಕೆಂದೇ ಗ್ರಾಹಕಗಳಿವೆ. ರಸ ಬಂದು ಅಲ್ಲಿ ಕೂತರೆ ಕೋಶದೊಳಕ್ಕೆ ಸುದ್ದಿ ಮುಟ್ಟುತ್ತದೆ, ಸ್ನಾಯು ಬಿಗಿಯುತ್ತದೆ, ನೋವು ಏಳುತ್ತದೆ. ಮೂಕಂಟು ಆ ಜಾಗದಲ್ಲಿ ಮೊದಲೇ ಹೋಗಿ ಕೂತಿದೆ. ಏನೂ ಹೇಳುವುದಿಲ್ಲ, ಏಳುವುದೂ ಇಲ್ಲ.

ನನ್ನ ತಂಗಿ ಹುಲಿಗೆಮ್ಮನಿಗೆ ದಿನ ತುಂಬಿ ಮೀರಿತು.

"ಅಕ್ಕಾ, ಕೂಸು ಒದಿಯೋದು ಕಮ್ಮಿ ಆಗೈತಿ. ನೋವು ಯಾಕ ಬರವಲ್ದು?"

ಅದೇ ರಸವನ್ನು ಸೂಜಿಯಲ್ಲಿ ಕೊಟ್ಟೆ, ಮತ್ತೆ ಕೊಟ್ಟೆ. ಕೂರಲು ಜಾಗವೇ ಇಲ್ಲದ ಮೇಲೆ ಎಷ್ಟು ಕೊಟ್ಟರೇನು? ಕೊನೆಗೆ ಹೊಟ್ಟೆ ಕೊಯ್ದೆ. ಹೆಣ್ಣುಕೂಸು, ಅತ್ತಿತು. ಆದರೆ ಬರಿದಾದ ಗರ್ಭಕೋಶ ಮುದುಡಿಕೊಂಡರೆ ಮಾತ್ರ ರಕ್ತ ನಿಲ್ಲುತ್ತದೆ. ಮುದುಡೆಂದು ಹೇಳಬೇಕಾದದ್ದೂ ಅದೇ ರಸ. ಗರ್ಭಕೋಶ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಎರಡೂ ಕೈಯಲ್ಲಿ ಹಿಸುಕಿ ಹಿಡಿದೆ, ಸಡಿಲಿಸಿದರೆ ರಕ್ತ ಉಕ್ಕುತ್ತಿತ್ತು. ಅವಳ ಗಂಡ ಗಾದಿಲಿಂಗ ಬಾಗಿಲಲ್ಲಿ ನಿಂತು, "ಬಿಡಬ್ಯಾಡ್ರಿ ಅಕ್ಕಾರ, ಬಿಡಬ್ಯಾಡ್ರಿ" ಎನ್ನುತ್ತಲೇ ಇದ್ದ. ಬೆರಳು ಮರಗಟ್ಟಿದವು. ಬೇರೆ ದಾರಿ ಕಾಣದೆ ಗರ್ಭಕೋಶವನ್ನೇ ತೆಗೆದೆ. ತಂಗಿ ಉಳಿದಳು.

ಈಗ ಅವಳ ಎದೆ ಕಲ್ಲಿನಂತೆ ಬಿಗಿದಿದೆ. ಹಾಲನ್ನು ಹಿಂಡಿ ಹೊರಗೆ ತಳ್ಳುವ ಕೋಶಗಳಿಗೂ ಆ ರಸದ ಕೂಗು ಕೇಳುತ್ತಿಲ್ಲ. ಕೂಸು ಚೀಪಿ ಚೀಪಿ ಸೋತು ಮಲಗುತ್ತದೆ.

"ಹಾಲೈತಿ ಅಕ್ಕಾ. ಐತಿ, ಇಳಿಯವಲ್ದು" ಎಂದು ಅವಳು ನನ್ನ ಮುಖ ನೋಡಿದಳು. ಕೈಯಿಂದ ಒತ್ತಿ ತೆಗೆದ ಹನಿಗಳನ್ನು ಒಳಲೆಯಲ್ಲಿ ಕುಡಿಸುತ್ತಿದ್ದೇವೆ. ಸಾಲುತ್ತಿಲ್ಲ. ಕೂಸಿನ ರಕ್ತದಲ್ಲೂ ಮೂಕಂಟಿದೆ. ಆ ಕೂಸು ಬೆಳೆದು ಬಸುರಾದರೆ ಯಾರ ಕೈ ಹಿಸುಕಿ ಹಿಡಿಯಬೇಕು?

ನಿಮ್ಮ ಕಾಲದಲ್ಲಿ ಆ ಲೇಪ ಇನ್ನೂ ಯಾವುದೋ ಪ್ರಯೋಗಾಲಯದ ಸೀಸೆಯಲ್ಲಿದೆ. ಹುಳ ಸಾಯುತ್ತದೆ, ಮನುಷ್ಯರಿಗೆ ಏನೂ ಆಗದು ಎಂದು ಅದನ್ನು ತಯಾರಿಸುವವರು ನಂಬಿಯೇ ಹೇಳುತ್ತಾರೆ. ದಯವಿಟ್ಟು ಅವರನ್ನು ಕೇಳಿ: ಮೈಯೊಳಗೆ ಇದು ಯಾರ ಜಾಗದಲ್ಲಿ ಹೋಗಿ ಕೂರುತ್ತದೆ? ಉತ್ತರ ಸಿಗುವವರೆಗೆ ಒಂದು ಕಾಳಿಗೂ ಬಳಿಯಲು ಬಿಡಬೇಡಿ. ಹುಳ ಹಿಡಿಯಲಿ. ಆರಿಸಿಕೊಂಡು ತಿನ್ನಿ. ನಿಮ್ಮ ಕಾಲು ಹಿಡಿದು ಬೇಡುತ್ತೇನೆ.

ಚೌಡಕ್ಕ ಎಂಬಾಕೆಯನ್ನು ಈಗ ತಾನೇ ಒಳಗೆ ಕರೆತಂದರು. ದಿನ ತುಂಬಿದೆ, ನೋವಿಲ್ಲ. ನಾನು ಕೈ ತೊಳೆಯಬೇಕು.

ಪಂಪಕ್ಕ