ತೆರೆದ ಮೇಲೆ ಓದಬೇಕಾದ ಎಚ್ಚರಿಕೆ

ಶಾಲೆಯ ಬಿಸಿಯೂಟಕ್ಕೆ ಸೂಚನಾಪತ್ರ ಬರೆದು ಕಳಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಒಂದು ವಾಕ್ಯ ತಪ್ಪು ಜಾಗದಲ್ಲಿದ್ದುದರಿಂದ ನಮ್ಮ ಶಾಲೆಯ ಅಡುಗೆಯ ಹೂವಮ್ಮನವರ ಬಲಗೈ ಬೆಂದುಹೋಗಿದೆ. ಅದಕ್ಕೆ ನೀವು ತೋರಿದ ಕಾಳಜಿಯೆಂದರೆ, 'ನಿರ್ಲಕ್ಷ್ಯ'ಕ್ಕಾಗಿ ಅವರಿಗೇ ಒಂದು ನೋಟಿಸು!

ಹೊಸನಗರ ತಾಲ್ಲೂಕಿನ ನಮ್ಮ ಶಾಲೆಗೆ ಜೂನ್‌ನಲ್ಲಿ ಆವಿಯಲ್ಲಿ ಅನ್ನ ಬೇಯಿಸುವ ಹೊಸ ಯಂತ್ರ ಬಂತು. ತಂದವರು ಇಳಿಸಿ ಹೊರಟರು. ಕಲಿಸುವವರು ಬರಲೇ ಇಲ್ಲ. ಬಂದದ್ದು ನಿಮ್ಮ ಒಂದು ಹಾಳೆ. ಮೊದಲಿನಿಂದ ಕೊನೆಯವರೆಗೆ ಒಂದೇ ಪ್ಯಾರಾ. ಅಂಕಿಯಿಲ್ಲ, ಚಿತ್ರವಿಲ್ಲ. 'ತಕ್ಕದ್ದು' ಎಂಬ ಪದ ಮಾತ್ರ ಹತ್ತೊಂಬತ್ತು ಸಲ ಇದೆ, ಎಣಿಸಿದ್ದೇನೆ. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದ ಹೂವಮ್ಮನವರು ಆ ಇರುವೆಗಾತ್ರದ ಅಕ್ಷರ ಕಾಣದೆ ಹಾಳೆಯನ್ನು ನನ್ನ ಕೈಗೆ ಕೊಟ್ಟರು.

"ನೀವು ಓದ್ತಾ ಹೋಗಿ ಟೀಚ್ರೇ, ನಾನು ಮಾಡ್ತಾ ಹೋಗ್ತೀನಿ."

ನಾನು ಓದಿದೆ, ಅವರು ಮಾಡಿದರು. "ನಿಗದಿತ ಸಮಯದ ನಂತರ ತಿರುಪುಗಳನ್ನು ಸಡಿಲಿಸಿ ಮುಚ್ಚಳವನ್ನು ತೆರೆಯತಕ್ಕದ್ದು" ಎಂಬಲ್ಲಿಗೆ ಪುಟ ಮುಗಿಯಿತು. ಹಾಳೆ ತಿರುಗಿಸಿದೆ. ಹಿಂಬದಿಯ ಮೊದಲ ಸಾಲು: "ಹಾಗೆ ತೆರೆಯುವ ಮುನ್ನ ಒಳಗಿನ ಆವಿಯನ್ನು ಸಂಪೂರ್ಣವಾಗಿ ಹೊರಬಿಟ್ಟಿರತಕ್ಕದ್ದು." ಅದನ್ನು ಗಟ್ಟಿಯಾಗಿ ಓದುವಷ್ಟರಲ್ಲಿ ಹೂವಮ್ಮನವರ ಚೀತ್ಕಾರ ಕೇಳಿತು.

ಆಮೇಲಿನದನ್ನು ಮೊದಲು, ಮೊದಲಿನದನ್ನು ಆಮೇಲೆ ಬರೆಯುವ ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಸ್ವಾಮಿ? ನಮ್ಮ ನಾಲ್ಕನೇ ತರಗತಿಯ ಮಕ್ಕಳು ನಿಂಬೆ ಪಾನಕ ಮಾಡುವ ಬಗೆಯನ್ನೂ ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಬರೆಯದಿದ್ದರೆ ನಾನು ಅಂಕ ಕಳೆಯುತ್ತೇನೆ. ನಿಮಗೆ ಯಾರು ಕಳೆಯುತ್ತಾರೆ? ನಿಮ್ಮ ಕಚೇರಿಗೆ ಫೋನ್ ಮಾಡಿದರೆ, "ಹಿಂದ್ಗಡೆ ಬರ್ದಿದೆಯಲ್ಲ ಮೇಡಂ, ಪೂರ್ತಿ ಓದ್ಕಂಡು ಶುರು ಮಾಡ್ಬೇಕಿತ್ತು" ಎಂಬ ಉಪದೇಶ ಸಿಕ್ಕಿತು. ಹೌದು, ಓದಿಕೊಳ್ಳಬೇಕಿತ್ತು. ನನ್ನ ಆ ತಪ್ಪನ್ನು ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ನಿಂತು ಒಪ್ಪಿಕೊಂಡೆ. "ಅಳ್ಬೇಡಿ ಟೀಚ್ರೇ. ನೀವೆಂತ ಮಾಡ್ತೀರಿ, ಅದ್ರಲ್ಲಿ ಇದ್ದಿದ್ದು ಓದಿದ್ರಿ" ಎಂದು ನೋವಿನಲ್ಲಿದ್ದವರೇ ನನ್ನನ್ನು ಸಮಾಧಾನ ಮಾಡಿದರು. ಅವರ ಎರಡು ಬೆರಳು ಇನ್ನೂ ಮಡಚುವುದಿಲ್ಲ. ನಿಮ್ಮ ನೋಟಿಸು ತಲುಪಿದೆ ಎಂದು ಅವರು ಎಡಗೈಯಲ್ಲಿ ಸಹಿ ಹಾಕಬೇಕಾಯಿತು.

ಆ ನೋಟಿಸನ್ನು ಹಿಂತೆಗೆದುಕೊಳ್ಳಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟು ಶಾಲೆಗಳಿಗೆ ಈ ಹಾಳೆ ಹೋಗಿದೆಯೋ ಅಷ್ಟನ್ನೂ ಈ ವಾರವೇ ವಾಪಸು ತರಿಸಿ. ಹೊಸದರಲ್ಲಿ ಒಂದು ಸಾಲಿಗೆ ಒಂದೇ ಕೆಲಸವಿರಲಿ, ಎಚ್ಚರಿಕೆ ಆ ಕೆಲಸಕ್ಕಿಂತ ಮೊದಲು ಬರಲಿ. ಅಚ್ಚಿಗೆ ಕಳಿಸುವ ಮುನ್ನ ತಾವು ಒಂದು ದಿನ ನಮ್ಮ ಅಡುಗೆಮನೆಗೆ ದಯಮಾಡಿಸಿ. ಓದಲು ಬೇರೆ ಯಾರಾದರೂ ಇರಲಿ. ಮುಚ್ಚಳವನ್ನು ತಾವೇ ತೆರೆಯಿರಿ.

ಇಂತಿ,
ಎರಡನೇ ನೋಟಿಸಿಗೆ ಕಾದು ಕುಳಿತಿರುವ ಸಹಶಿಕ್ಷಕಿ,
ಭವ್ಯಶ್ರೀ