ಬಾಯಿತುಂಬ ನೀರು

ನವೆಂಬರ್ 18, ಮಂಗಳವಾರ. ಮೋತಿ ಡೊಂಗರ್.

ಘಾಟಿ. ಘಟ್ಟದ ಆಚೆಯಿಂದ ಬಂದ ಕೂಲಿಗಳಿಗೆಲ್ಲ ಈ ಪರಭಾಷೆಯ ಕರಾವಳಿಯಲ್ಲಿ ಇದೊಂದೇ ಹೆಸರು, ಹೀಯಾಳಿಕೆಯದು.

ಇವತ್ತು ಕೆಲಸದ ಜಾಗದಲ್ಲಿ ಉರುಳುತ್ತಿದ್ದ ಕ್ರೇನಿಗೆ ಹೆಗಲು ಕೊಟ್ಟು ಎರಡೂ ಕೈಯಲ್ಲಿ ಹಿಡಿದೆ. ಕೆಳಗಿದ್ದ ಆರೂ ಜನ ಬದುಕಿದರು. ವಿಡಿಯೊ ನೋಡಿದವರು ಸೂಪರ್‌ಹೀರೋ ಅನ್ನುತ್ತಿದ್ದಾರೆ. ನಮ್ಮನ್ನು ಕೂಲಿಗೆ ಇಟ್ಟುಕೊಂಡ ಠೇಕೇದಾರನಿಗೆ ಕಂಡದ್ದು ಕಬ್ಬಿಣದಲ್ಲಿ ಮೂಡಿದ ನನ್ನ ಬೆರಳಿನ ಗುರುತು ಮಾತ್ರ. “ಘಾಟಿ, ಕ್ರೇನ್ ಕೆಡಿಸಿದೆಯಲ್ಲ!” ಎಂದ. ನನ್ನ ಒಂದೇ ಗುದ್ದಿಗೆ ಸಮುದ್ರ ಸೇರುತ್ತಿದ್ದ. ಕೈ ಅದನ್ನೇ ಬೇಡುತ್ತಿತ್ತು.

“ಸಿಟ್ಟು ಬಂದ್ರ ಬಾಯಾಗ ನೀರು ಹಿಡಕೊಂಡು ನಿಂದ್ರು,” ಎಂದು ಅವ್ವ ಕಲಿಸಿದ್ದಳು. ಮೂವತ್ತು ವರ್ಷದಿಂದ ಹಾಗೇ ನಿಂತಿದ್ದೇನೆ. ಇವತ್ತೂ ಹಿಡಿದೆ. ಆಮೇಲೆ ಅವನ ಬೂಟಿನ ಮುಂದೆಯೇ ಉಗುಳಿದೆ. ಕೈ ಎತ್ತಲಿಲ್ಲ.

“ನನ್ನ ಹೆಸರು ಭೀಮಶಿ. ಹಂಗ ಕರೀರಿ.” ಕನ್ನಡದಲ್ಲೇ ಹೇಳಿದೆ.

ನಾಳೆ ಮತ್ತೆ ಕ್ರೇನ್ ಉರುಳಿದರೆ ಹಿಡಿಯುತ್ತೇನೆ. ಬಾಯಲ್ಲಿ ನೀರು ಮಾತ್ರ ಹಿಡಿಯುವುದಿಲ್ಲ.