ಬಿಟ್ಟುಕೊಡುವ ಕಾಗದ

ಕುರುಬರಹಳ್ಳಿ, ಬೆಂಗಳೂರು
೯ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಗೋವಾದ ಮಳೆಯಲ್ಲಿ ಮೈದಾನದ ಅಂಚಿಗೆ ನಿಂತು ಕೂಗಾಡಿ, ಆಮೇಲೆ ಒದ್ದೆ ಕಾಲುಚೀಲದಲ್ಲೇ ಊಟಕ್ಕೆ ಕೂರುತ್ತೀಯ ಎಂದು ಅಮ್ಮನಿಗೆ ಖಾತ್ರಿ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಬೇಕಂತೆ. ಅಮ್ಮ ಚೆನ್ನಾಗಿದ್ದಾಳೆ. ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ನಾನೂ ಚೆನ್ನಾಗಿದ್ದೇನೆ. ಗಣೇಶನ ಪೆಂಡಾಲು ಬಿಚ್ಚಿದ ಮೇಲೆ ನಮ್ಮ ಮೈದಾನದ ತುಂಬ ಕಂಬದ ಗುಂಡಿಗಳು, ಪೆನಾಲ್ಟಿ ಜಾಗದಲ್ಲೇ ಹನ್ನೊಂದು. ಮೂರು ದಿನದಿಂದ ಹುಡುಗಿಯರು ಬೆಳಿಗ್ಗೆ ಆರಕ್ಕೆ ಬಂದು ಮಣ್ಣು ತುಂಬಿ ತುಳಿದು, ಆಮೇಲೆ ಆಡುತ್ತಿದ್ದಾರೆ. ವಾಕಿಂಗ್ ಬರುವ ಹಿರಿಯರು ನಿಂತು ಸಲಹೆ ಕೊಡುತ್ತಾರೆ, ಬುಟ್ಟಿ ಮಾತ್ರ ಮುಟ್ಟುವುದಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನಾವಿಬ್ಬರೂ ಆಡಿದ್ದು ಸಾಕು. ನನ್ನ ಒತ್ತಕ್ಷರ ನೋಡಿ ನಗುತ್ತೀಯ, ನಗು. ಕಾರ್ಯದರ್ಶಿಯಾಗಿ ನಮ್ಮ ಕ್ಲಬ್ಬಿನ ಕಾಗದಗಳನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಬರೆಯುವವಳು. ಇದನ್ನು ಮಾತ್ರ ಆ ಭಾಷೆಯಲ್ಲಿ ಬರೆಯಬಾರದು ಅನ್ನಿಸಿತು. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ.

ನಮ್ಮ ತಂಡದ ನೀಲಾಂಬಿಕಾಳನ್ನು ನಿಮ್ಮ ಗೋವಾದ ಕ್ಲಬ್ಬಿಗೆ ಬಿಟ್ಟುಕೊಡುವ ಕಾಗದ ನನ್ನ ಮೇಜಿನ ಮೇಲಿದೆ. ನೋಂದಣಿ ಮುಗಿಯುವುದು ಬರುವ ಸೋಮವಾರ. ಅಷ್ಟರೊಳಗೆ ಅದರ ಮೇಲೆ ನನ್ನ ಸಹಿ, ನಿಮ್ಮ ಒಪ್ಪಂದದ ಮೇಲೆ ಅವಳ ಸಹಿ ಎರಡೂ ಬೀಳದಿದ್ದರೆ ಈ ವರ್ಷ ಅವಳು ಗೋವಾದಲ್ಲಿ ಆಡುವಂತಿಲ್ಲ. ಹೋದ ವರ್ಷ ಅವಳ ಒಪ್ಪಂದಕ್ಕೆ ಬಿಡುಗಡೆಯ ಕಲಮು ಸೇರಿಸಿದವಳು ನಾನೇ. ನಾಲ್ಕು ಲಕ್ಷ ಕಟ್ಟಿದ ಯಾವ ಕ್ಲಬ್ಬಾದರೂ, ನಮಗೆ ಇಷ್ಟವಿರಲಿ ಬಿಡಲಿ, ಅವಳನ್ನು ಕರೆದುಕೊಂಡು ಹೋಗಬಹುದು. ಆ ಮೊತ್ತವನ್ನು ಗೊತ್ತುಮಾಡಿದ್ದು ನೀನು, ನಾನು, ಖಜಾಂಚಿ ಜಗನ್ನಾಥ್ ಅಂಕಲ್. "ಹೆಣ್ಮಕ್ಕಳ ಫುಟ್‌ಬಾಲಿಗೆ ನಾಲ್ಕು ಲಕ್ಷ ಯಾವ ಪುಣ್ಯಾತ್ಮ ಕೊಡ್ತಾನಮ್ಮ, ಬರ್ಕೋ" ಎಂದು ಅವರು ನಕ್ಕಿದ್ದರು. ಆ ಪುಣ್ಯಾತ್ಮ ನಿಮ್ಮ ಕ್ಲಬ್ಬಿನ ಯಜಮಾನನೇ ಆದ. ಆಗಸ್ಟ್ ಕೊನೆಯಲ್ಲಿ ಸರಿಯಾಗಿ ನಾಲ್ಕು ಲಕ್ಷ, ಚೌಕಾಸಿಗೆ ಒಂದು ಫೋನೂ ಇಲ್ಲದೆ, ನಮ್ಮ ಖಾತೆಗೆ ಬಂದು ಬಿತ್ತು. ಮೂರು ತಿಂಗಳ ಹಿಂದೆ ಅದೇ ಕ್ಲಬ್ಬಿಗೆ ತರಬೇತುದಾರನಾಗಿ ಹೋದವನು ನೀನು. ನಾನು ಏನೆಂದುಕೊಳ್ಳಬೇಕಿತ್ತು ಹೇಳು?

ಅದಕ್ಕೇ ಆ ಭಾನುವಾರ ಫೋನ್ ಮಾಡಿ, ಮೊತ್ತ ಹೇಳಿಕೊಟ್ಟವನು ನೀನೇ ಅಲ್ಲವೇ ಎಂದು ಕೇಳಿದೆ. ಹುಡುಗಿ ಚೆನ್ನಾಗಿ ಆಡುತ್ತಾಳೆ ಎಂದು ಹೇಳಿದ್ದು ನಿಜ, ಅದು ನನ್ನ ಕೆಲಸ, ದುಡ್ಡಿನ ಲೆಕ್ಕ ನನ್ನ ಬಾಯಿಂದ ಹೋಗಿಲ್ಲ ಎಂದು ನೀನು ಹೇಳಿದೆ. ನಾನು ನಂಬಲಿಲ್ಲ. ನಂಬಲಿಲ್ಲ ಎಂದು ಹೇಳಿಯೂಬಿಟ್ಟೆ. ಆಗ ನೀನು, "ನೀನೂ ಅಪ್ಪನ ಥರಾನೇ ಕಣೇ ರಂಜಿನಿ. ಹಿಡ್ಕೊಂಡೇ ಕೂತಿರು" ಎಂದು ಫೋನಿಟ್ಟೆ. ಈ ಒಂಬತ್ತು ದಿನದಲ್ಲಿ ಆ ಮಾತನ್ನು ಎಷ್ಟು ಸಲ ನೆನೆದೆನೋ. ತರಗತಿಯಲ್ಲಿ ಮಕ್ಕಳಿಗೆ ಡಿಕ್ಟೇಶನ್ ಕೊಡುತ್ತಿದ್ದವಳು ನಡುವೆ ನಿಲ್ಲಿಸಿ, ಎಲ್ಲಿಗೆ ಬಂದಿದ್ದೆ ಎಂದು ಮಕ್ಕಳನ್ನೇ ಕೇಳಿದೆ.

ಗುರುವಾರ ಶಾಲೆ ಬಿಟ್ಟ ಮೇಲೆ ಬಸವೇಶ್ವರನಗರದಿಂದ ನೇರ ಲಗ್ಗೆರೆಗೆ, ನೀಲಾಂಬಿಕಾಳ ಮನೆಗೆ ಹೋದೆ. ಅವಳ ತಾಯಿ ಭಾಗವ್ವನಿಗೆ ಗಾರ್ಮೆಂಟ್ಸ್‌ನಲ್ಲಿ ಮೊದಲ ಶಿಫ್ಟು, ಆಗ ತಾನೇ ಬಂದಿದ್ದಳು. ಒಂದೇ ಕೋಣೆ. ಗೋಡೆಯ ಮೇಲೆ ಎಲ್ಲಮ್ಮನ ಪಟ, ಪಕ್ಕದಲ್ಲಿ ಬಸವಣ್ಣ, ಅದರ ಪಕ್ಕ ನಮ್ಮ ಒಪ್ಪಂದ. ಹೌದು ಅಣ್ಣ, ನಾಲ್ಕು ಪುಟಗಳನ್ನೂ ಸಾಲಾಗಿ ಜೋಡಿಸಿ ಗಾಜು ಹಾಕಿ ಕಟ್ಟು ಹಾಕಿಸಿದ್ದಾರೆ. ಮೂಲೆಗೆ ಕುಂಕುಮ, ಮೇಲೊಂದು ಸೇವಂತಿಗೆ. ನಾನು ಅದನ್ನೇ ನೋಡುತ್ತ ನಿಂತಿದ್ದಕ್ಕೆ ಭಾಗವ್ವ, "ನಮ್ಮ ಮನ್ಯಾಗ ಮಗಳ ಹೆಸರು ಛಾಪಾದಾಗ ಬಂದದ್ದು ಇದೊಂದ ಕಾಗದರಿ ಅಕ್ಕಾರ. ಪೆಟ್ಟಿಗ್ಯಾಗ ಇಟ್ರ ಇಲಿ ಕಡೀತಾವ" ಅಂದಳು. ಜುಲೈ ತಿಂಗಳಲ್ಲಿ ಗೋವಾದಿಂದ ಯಾರೋ ಬಂದಿದ್ದರಂತೆ. ಚಾ ಕುಡಿದು, ಮಗಳ ಆಟ ಹೊಗಳಿ, ಹೋಗುವಾಗ ಗೋಡೆಯ ಫೋಟೋ ತೆಗೆದುಕೊಂಡರಂತೆ. "ದೇವರ ಫೋಟೋ ಹೊಡ್ಕೊಂಡ್ರು ಅಂತ ನಾ ಕೈ ಮುಗದ್ನಿರಿ."

ನಗು ಬಂತು. ಮರುಕ್ಷಣ ನಾಚಿಕೆಯಾಯಿತು. ಮೊತ್ತ ಹೋದದ್ದು ಆ ಗೋಡೆಯಿಂದ, ನಿನ್ನ ಬಾಯಿಂದ ಅಲ್ಲ. ತಪ್ಪಾಯಿತು ಅಣ್ಣ.

ಆದರೆ ಕಾಗದ ಬರೆಯಲು ಕೂತದ್ದು ಅಷ್ಟಕ್ಕೇ ಅಲ್ಲ. ನಿಮ್ಮ ಕ್ಲಬ್ಬಿನ ಹೊಸ ಒಪ್ಪಂದವೂ ಅವರ ಮನೆಗೆ ಬಂದಿತ್ತು, ಹನ್ನೊಂದು ಪುಟ. ಭಾಗವ್ವ ಅದನ್ನು ನನ್ನ ಕೈಗಿಟ್ಟು, "ನೀವ ಓದಿ ಹೇಳ್ರಿ. ನೀವು ಹೆಂಗ ಅಂತೀರಿ, ಹಂಗ" ಅಂದಳು. ನಾನು ಇಂಗ್ಲಿಷಿನಲ್ಲಿ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ನೀಲಾಂಬಿಕಾ ನನ್ನ ಪಕ್ಕಕ್ಕೆ ಬಂದು ಕೂತಿದ್ದಳು. ಸಂಬಳ ಭಾಗವ್ವನ ಸಂಬಳದ ಮೂರರಷ್ಟು. ಹಾಸ್ಟೆಲು, ಕಾಲೇಜಿನ ಫೀಸು. ಒಂದೊಂದು ಸಾಲಿಗೂ ತಾಯಿಯ ಮುಖ ಅರಳುತ್ತಿತ್ತು, ನನ್ನ ದನಿ ಸಣ್ಣದಾಗುತ್ತಿತ್ತು. ಆಡುವಾಗ ಪೆಟ್ಟಾದರೆ ಆಪರೇಷನ್ನಿನ ಖರ್ಚು ಪೂರ್ತಿ ಕ್ಲಬ್ಬಿನದು ಎಂಬ ಸಾಲು ಬಂತು. ಅದನ್ನಂತೂ ನಮ್ಮ ಕ್ಲಬ್ಬು ಎಂದೂ ಕೊಡಲಾರದು. ಅದನ್ನು ಹಾರಿಸಿ ಮುಂದಿನ ಸಾಲಿಗೆ ಹೋದೆ. ಕಣ್ಣು ತಪ್ಪಿ ಅಲ್ಲ, ಬೇಕೆಂದೇ. ನೀಲಾಂಬಿಕಾ ಕಾಗದದ ಮೇಲೆ ಬೆರಳಿಟ್ಟು ಮೆಲ್ಲಗೆ, "ಅಕ್ಕ, ಇಲ್ಲೊಂದು ಸಾಲು ಬಿಟ್ರಿ" ಅಂದಳು. ಅವಳ ದನಿಯಲ್ಲಿ ಅನುಮಾನವೇನೂ ಇರಲಿಲ್ಲ. ಆ ಇಂಗ್ಲಿಷನ್ನು ಶನಿವಾರ ಶನಿವಾರ ಕೂರಿಸಿಕೊಂಡು ಕಲಿಸಿದವಳು ನಾನೇ. ಮತ್ತೆ ಮೊದಲಿನಿಂದ ಹನ್ನೊಂದು ಪುಟವನ್ನೂ ಒಂದೊಂದೇ ಸಾಲಾಗಿ ಓದಿ ಹೇಳಿದೆ.

ಇಪ್ಪತ್ತಾರು ವರ್ಷದ ಹಿಂದೆ ನನ್ನ ಪಕ್ಕದಲ್ಲಿ ಹಾಗೆ ಬೆರಳಿಡುವವರು ಯಾರೂ ಇರಲಿಲ್ಲ. ಕಲ್ಕತ್ತೆಯ ಕ್ಲಬ್ಬಿನವರು ನಿನ್ನನ್ನು ಕೇಳಿ ಬರೆದಿದ್ದ ಕಾಗದ ನಿನಗೆ ನೆನಪಿದ್ದೇ ಇರುತ್ತದೆ. ಅಪ್ಪ ಆಗ ಕ್ಲಬ್ಬಿನ ಅಧ್ಯಕ್ಷರು, ಇಂಗ್ಲಿಷಿನ ಪತ್ರಗಳೆಲ್ಲ ನನ್ನ ಪಾಲು. ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ಸಾರ್ಥಕವಾಯಿತೆಂದು ಬಂದವರ ಮುಂದೆಲ್ಲ ಹೇಳುತ್ತಿದ್ದರಲ್ಲ. ಅವರು ಬೀಡಿ ಆರಿಸಿ, ಬಾಗಿಲ ಬಳಿ ಕೂತು ಹೇಳಿದ್ದು ಇದು: "ಲೀಗ್ ಮುಗಿಯೋಕೆ ಇನ್ನು ಮೂರು ತಿಂಗಳಿದೆ. ಮುಗಿದ ಕೂಡ್ಲೆ ಹುಡುಗನ್ನ ಕಳಿಸ್ತೀವಿ, ಅಲ್ಲೀ ತನಕ ತಡ್ಕೊಳ್ಳಕ್ಕಾಗತ್ತಾ ಅಂತ ಮರ್ಯಾದೆಯಾಗಿ ಕೇಳು." ನಾನು ಕೇಳಲಿಲ್ಲ. ನಮ್ಮ ಆಟಗಾರನನ್ನು ಬಿಟ್ಟುಕೊಡಲಾಗುವುದಿಲ್ಲ, ವಿಷಾದಿಸುತ್ತೇವೆ ಎಂದು ಎರಡೇ ಸಾಲು ಬರೆದೆ. ಅಪ್ಪ ಕೆಳಗೆ ಕನ್ನಡದಲ್ಲಿ ಅಂಜಿನಯ್ಯ ಎಂದು ಸಹಿ ಮಾಡಿದರು. ಅಂಚೆ ಡಬ್ಬಿಗೆ ಹಾಕಿದವಳೂ ನಾನೇ.

ಎರಡು ವರ್ಷದ ಮೇಲೆ ಆ ಕ್ಲಬ್ಬಿನವರೊಬ್ಬರು ನಿನಗೆ ಸಿಕ್ಕಿ ನಿಮ್ಮಪ್ಪನೇ ಕೊಡಲ್ಲ ಅಂದರು ಎಂದು ಹೇಳಿದಾಗ, ನೀನು ಮನೆಗೆ ಬಂದು ಶೂಗಳನ್ನು ಅಂಗಳಕ್ಕೆ ಎಸೆದೆ. ಅಪ್ಪ, "ನಾನು ಹಂಗೆ ಬರೆಸಿಲ್ಲ ಕಣೋ" ಅಂದರು. ನೀನು ನಂಬಲಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಒಮ್ಮೆ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಾಯಿತೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಸಾಯುವವರೆಗೆ ನನ್ನನ್ನು ಅವರು ಕೇಳಲಿಲ್ಲ, ನೀನು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಯಾಕೆ ಬರೆದೆ? ಕಾಯಿರಿ ಎಂದು ಇಂಗ್ಲಿಷಿನಲ್ಲಿ ಬರೆದರೆ ಬೇಡಿಕೊಂಡಂತೆ ಕಾಣುತ್ತದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದು ಸುಳ್ಳು. ನನ್ನನ್ನು ಬಿ.ಎ.ಗೆ ಸೇರಿಸಲು ಅಪ್ಪನೊಂದಿಗೆ ಜಗಳವಾಡಿದವನು ನೀನು. ನೀನು ಕಲ್ಕತ್ತೆಗೆ ಹೋದರೆ ಆ ಮನೆಯಲ್ಲಿ ನನ್ನ ಪರ ನಿಲ್ಲುವವರು ಯಾರು ಎಂದು ಹೆದರಿದೆ. ಹದಿನೆಂಟು ವರ್ಷದವಳ ಹೆದರಿಕೆ ಎಂದು ತಳ್ಳಿಹಾಕಬಹುದು. ಆದರೆ ಮೊನ್ನೆ ಲಗ್ಗೆರೆಯಲ್ಲಿ ಸಾಲು ಬಿಟ್ಟವಳಿಗೆ ನಲವತ್ತನಾಲ್ಕು. ಹೆದರಿಕೆ ಅದೇ, ಕೈಚಳಕ ಮಾತ್ರ ಪಳಗಿದೆ. ಹಿಡಿದುಕೊಂಡು ಕೂತವಳು ನಾನು ಅಣ್ಣ, ಅಪ್ಪನಲ್ಲ. ಅವರ ಮೇಲೆ ಇಷ್ಟು ವರ್ಷ ಇಟ್ಟುಕೊಂಡ ಸಿಟ್ಟನ್ನು ಅಲ್ಲಿಂದ ತೆಗೆದು ನನ್ನ ಮೇಲಿಡು. ಅದಕ್ಕೆ ಕ್ಷಮೆಯನ್ನು ಕಾಗದದಲ್ಲಿ ಕೇಳುವುದಿಲ್ಲ. ನೀನು ಬಂದಾಗ ಎದುರು ಕೂತು ಕೇಳುತ್ತೇನೆ. ಬೈಯುವುದಿದ್ದರೆ ಅಮ್ಮನ ಮುಂದೆಯೇ ಬೈ. ಅವಳಿಗೆ ನಿನ್ನೆ ಹೇಳಿದ್ದೇನೆ. ಬಿಡಿಸುತ್ತಿದ್ದ ಬೆಳ್ಳುಳ್ಳಿ ಬಿಟ್ಟು ಎದ್ದು ಹೋದವಳು ಇವತ್ತು ಬೆಳಿಗ್ಗೆಯಷ್ಟೇ ನನ್ನೊಂದಿಗೆ ಮಾತಾಡಿದಳು.

ಮೊನ್ನೆ ಭಾನುವಾರ ಕಮಿಟಿ ಸೇರಿತ್ತು. ಇನ್ನೂ ನಾಲ್ಕು ಹುಡುಗಿಯರ ಒಪ್ಪಂದ ಈ ತಿಂಗಳೇ ಬರೆಯಬೇಕು. ಜಗನ್ನಾಥ್ ಅಂಕಲ್ ಬಿಡುಗಡೆಯ ಕಲಮನ್ನೇ ಕಿತ್ತುಹಾಕು ಎಂದು ಪಟ್ಟುಹಿಡಿದರು. "ನಾವು ಗುಂಡಿ ಮುಚ್ಚಿ ಆಡ್ಸೋದು, ಅವರು ಬಂದು ಹಣ್ಣು ಕಿತ್ಕೊಂಡ್ ಹೋಗೋದು. ಇದೇನ್ ನ್ಯಾಯಾನಮ್ಮ?" ನ್ಯಾಯವಲ್ಲ ಎಂದು ನಾನೂ ಒಪ್ಪಿದೆ. ನೀಲಾಂಬಿಕಾ ಹೋದರೆ ಈ ಸಲ ನಮಗೆ ಗೋಲು ಹೊಡೆಯುವವರಿಲ್ಲ, ಈಗಿನ ಡಿವಿಷನ್‌ನಲ್ಲಿ ಉಳಿಯುವುದೂ ಕಷ್ಟ. ಆದರೂ ಕಲಮು ಇರುತ್ತದೆ ಅಂದೆ. ಮೊತ್ತವನ್ನು ಹೆಚ್ಚಿಸೋಣ, ಆದರೆ ಬಾಗಿಲು ಮುಚ್ಚುವಷ್ಟು ಬೇಡ. ಬಂದ ನಾಲ್ಕು ಲಕ್ಷದಲ್ಲಿ ಲಗ್ಗೆರೆಯಲ್ಲಿ ಹನ್ನೆರಡು ವರ್ಷದೊಳಗಿನ ಹುಡುಗಿಯರ ತಂಡ ಕಟ್ಟೋಣ. ಒಬ್ಬಳು ಹೋದರೆ ಇಬ್ಬರು ತಯಾರಿರಬೇಕು. ಕೊನೆಗೆ ಕೈ ಎತ್ತಿಸಿದಾಗ ನಾಲ್ಕಕ್ಕೆ ಮೂರು ನನ್ನ ಕಡೆ. ಜಗನ್ನಾಥ್ ಅಂಕಲ್ ಎತ್ತಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಈಗ ನಾನು ಸಹಿ ಮಾಡಿದ್ದೇನೆ. ಬಿಟ್ಟುಕೊಡುವ ಕಾಗದ ಇದರೊಂದಿಗೇ ಇದೆ. ನೀಲಾಂಬಿಕಾಳಿಗೆ ಎಡಗಾಲಿನ ಪಾಸು ಇನ್ನೂ ಪಳಗಿಲ್ಲ, ಗಮನವಿಡು. ಬೈದರೆ ಅಳುವುದಿಲ್ಲ, ಊಟ ಬಿಡುತ್ತಾಳೆ. ಅದಕ್ಕೇ ಬೈಯುವುದಾದರೆ ಊಟವಾದ ಮೇಲೆ ಬೈ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಮಂಡಿಗೆ ಎಣ್ಣೆಯನ್ನು ಮತ್ತೊಮ್ಮೆ ನೆನಪಿಸಿದ್ದಾಳೆ. ಜಗನ್ನಾಥ್ ಅಂಕಲ್ ಸಿಟ್ಟಿನಲ್ಲೇ ಕೇಳಿದೆ ಎಂದು ಹೇಳು ಅಂದರು. ನಿನಗೆ ಒಳ್ಳೆಯದಾಗಲಿ.

ನಿನ್ನ ತಂಗಿ,
ರಂಜಿನಿ

ಕವರು ಅಂಟಿಸುವ ಮೊದಲು ಒಂದು ಮಾತು. ಸಹಿ ನನ್ನದಷ್ಟೇ ಆಗಿದೆ, ನೀಲಾಂಬಿಕಾ ನಿಮ್ಮ ಒಪ್ಪಂದಕ್ಕೆ ಇನ್ನೂ ಹಾಕಿಲ್ಲ. ಆ ಹನ್ನೊಂದು ಪುಟದಲ್ಲಿ ಎಲ್ಲವೂ ಇದೆ, ಬಿಡುಗಡೆಯ ಕಲಮು ಮಾತ್ರ ಇಲ್ಲ. ಐದು ವರ್ಷ ಯಾರು ಎಲ್ಲಿಂದ ಕರೆದರೂ ನಿಮ್ಮ ಯಜಮಾನ ಬೇಡವೆಂದರೆ ಮುಗಿಯಿತು. ನಾನು ಅದನ್ನು ಓದಿ ಹೇಳಿದೆ, ಏನು ಮಾಡಬೇಕೆಂದು ಹೇಳಲಿಲ್ಲ. ಅವಳೇ ರಾತ್ರಿಯೆಲ್ಲ ಯೋಚಿಸಿ, "ಅದು ಹಾಕಿದ್ರೆ ಹೋಗ್ತೀನಿ ಅಕ್ಕ, ಇಲ್ಲಾಂದ್ರೆ ಇಲ್ಲೇ ಆಡ್ತೀನಿ" ಅಂದಳು. ಹೋಗದಿದ್ದರೆ ನಾಲ್ಕು ಲಕ್ಷ ವಾಪಸ್ಸು ಎಂದು ಜಗನ್ನಾಥ್ ಅಂಕಲ್‌ಗೆ ತಿಳಿಸಿದ್ದೇನೆ, ಒಂದು ಲೋಟ ನೀರು ಕುಡಿದು ಒಪ್ಪಿದರು. ಅವಳಿಗೆ ಬೇಕಾದ ಕಲಮು ಈ ಕವರಿನಲ್ಲಿ ಬೇರೆ ಹಾಳೆಯಲ್ಲಿದೆ. ಶನಿವಾರದೊಳಗೆ ಯಜಮಾನನ ಎದುರು ಕೂತು ಅದನ್ನು ಸೇರಿಸುವಂತೆ ಮಾಡು. ಇದು ನಿನ್ನಿಂದ ಮಾತ್ರ ಆಗುವ ಕೆಲಸ. ಆ ಹಾಳೆಯ ಇಂಗ್ಲಿಷು ಪೂರ್ತಿ ಅವಳದೇ. ಎರಡು ಕಡೆ ತಪ್ಪಿದೆ, ನಾನು ಒಂದಕ್ಷರವನ್ನೂ ಮುಟ್ಟಿಲ್ಲ.